ಆರು ಅಂಶದ ಅಂತರ ಎಷ್ಟು ಗಟ್ಟಿ?

ಒಂದು ಸಮೀಕ್ಷೆ ಮುಗಿದಿದೆ ಅಂತಿಟ್ಟುಕೊಳ್ಳಿ. ಪ್ರಶ್ನೆ ಸರಳ: “ಕಳೆದ ಒಂದು ತಿಂಗಳಲ್ಲಿ ನೀವು ಒಂದಾದರೂ ಪುಸ್ತಕ ಓದಿ ಮುಗಿಸಿದಿರಾ?” ನಗರದ 400 ಜನರನ್ನು ಕೇಳಿದ್ದೇವೆ, ಹಳ್ಳಿಯ 400 ಜನರನ್ನು ಕೇಳಿದ್ದೇವೆ. ನಗರದಲ್ಲಿ 208 ಮಂದಿ ಹೌದು ಅಂದರು, ಹಳ್ಳಿಯಲ್ಲಿ 184 ಮಂದಿ. ಅಂದರೆ ಶೇ. 52 ಮತ್ತು ಶೇ. 46, ಅಂತರ 6 ಶೇಕಡಾ ಅಂಶ. ಈ ಅಂಕಿಗಳು ಲೆಕ್ಕಕ್ಕೆ ಅನುಕೂಲವಾಗಲಿ ಅಂತ ನಾನೇ ಹೆಣೆದವು, ಯಾವ ಊರಿನವೂ ಅಲ್ಲ. ಇವತ್ತು ಹೆಚ್ಚುಕಡಿಮೆ ಪೂರ್ತಿ ಇವನ್ನೇ ಹಿಡಿದುಕೊಂಡು ಹೋಗೋಣ.

ಕೋಷ್ಟಕ ಕಣ್ಣಿಗೆ ಬಿದ್ದ ಕೂಡಲೇ ವರದಿ ಬರೆಯುವವರ ಕೈ ತುರಿಸುತ್ತದೆ. “ನಗರದವರು ಹಳ್ಳಿಯವರಿಗಿಂತ ಹೆಚ್ಚು ಓದುತ್ತಾರೆ” ಅಂತ ಬರೆದೇಬಿಡುತ್ತಾರೆ. ನಾವು ಮಾತಾಡಿಸಿದ್ದು 800 ಜನರನ್ನು. ಆ ವಾಕ್ಯ ಮಾತಾಡುತ್ತಿರುವುದು ನಾವು ಮುಖ ಕೂಡ ನೋಡದ ಲಕ್ಷಾಂತರ ಜನರ ಬಗ್ಗೆ. ಈ ಜಿಗಿತಕ್ಕೆ ಅನುಮತಿ ಇದೆಯೇ ಅಂತ ಕೇಳುವುದೇ ಸಿಗ್ನಿಫಿಕೆನ್ಸ್ ಪರೀಕ್ಷೆ. ಪಠ್ಯಪುಸ್ತಕದಲ್ಲಿ ಇದನ್ನು ಸಾರ್ಥಕತಾ ಪರೀಕ್ಷೆ ಅನ್ನುತ್ತಾರೆ. ಹೆಸರು ದೊಡ್ಡದು, ಅದು ಉತ್ತರಿಸುವ ಪ್ರಶ್ನೆ ಮಾತ್ರ ತೀರಾ ಸಣ್ಣದು. ಎಷ್ಟು ಸಣ್ಣದು ಅಂತ ತೋರಿಸುತ್ತೇನೆ.

ಸೂತ್ರ ಬದಿಗಿಡಿ. 800 ಚೀಟಿ ತೆಗೆದುಕೊಳ್ಳಿ. 392 ಚೀಟಿಗಳ ಮೇಲೆ “ಹೌದು”, ಉಳಿದ 408ರ ಮೇಲೆ “ಇಲ್ಲ” ಅಂತ ಬರೆಯಿರಿ. ನಮ್ಮ ಸಮೀಕ್ಷೆಯಲ್ಲಿ ಒಟ್ಟಾರೆ ಬಂದ ಉತ್ತರಗಳು ಇವೇ ತಾನೆ? ಈಗ ಯಾವ ಚೀಟಿ ನಗರದ್ದು, ಯಾವುದು ಹಳ್ಳಿಯದು ಅನ್ನುವುದನ್ನು ಮರೆತುಬಿಡಿ. ಇಸ್ಪೀಟ್ ಎಲೆ ಕಲಸಿದ ಹಾಗೆ ಚೆನ್ನಾಗಿ ಕಲಸಿ, ಕಣ್ಣು ಮುಚ್ಚಿಕೊಂಡು 400–400ರ ಎರಡು ಗುಡ್ಡೆ ಮಾಡಿ. ಎರಡೂ ಗುಡ್ಡೆಗಳಲ್ಲಿ “ಹೌದು” ಎಷ್ಟಿವೆ ಅಂತ ಎಣಿಸಿ. ಒಮ್ಮೆ 199 ಮತ್ತು 193 ಬರಬಹುದು, ಇನ್ನೊಮ್ಮೆ 190 ಮತ್ತು 202. ಇಲ್ಲಿ ನಗರವೂ ಇಲ್ಲ, ಹಳ್ಳಿಯೂ ಇಲ್ಲ, ಕಲಸಿದ ಕೈ ಮಾತ್ರ ಇದೆ. ಆದರೂ ಎರಡು ಗುಡ್ಡೆಗಳ ನಡುವೆ ಅಂತರ ಬರುತ್ತಲೇ ಇರುತ್ತದೆ.

ಇದನ್ನು ಸಾವಿರ ಸಲ ಮಾಡಿ. ಕೈಯಲ್ಲಿ ಬೇಡ, ಕಂಪ್ಯೂಟರಿಗೆ ಇದು ಒಂದು ಕ್ಷಣದ ಕೆಲಸ. ಆ ಸಾವಿರದಲ್ಲಿ ಸುಮಾರು ನೂರು ಸಲ, ಯಾವ ಕಡೆಗಾದರೂ ಆಗಲಿ, 6 ಅಂಶ ಅಥವಾ ಅದಕ್ಕಿಂತ ಹೆಚ್ಚಿನ ಅಂತರ ತಾನಾಗಿಯೇ ಬಂದಿರುತ್ತದೆ. ಹತ್ತರಲ್ಲಿ ಒಂದು. ಇದೇ ಪಿ-ಮೌಲ್ಯ. ಪುಸ್ತಕದ ಸೂತ್ರ ಹಾಕಿದರೆ 0.09 ಬರುತ್ತದೆ, ಹೆಚ್ಚುಕಡಿಮೆ ಅದೇ. ಬರೀ ಕಲಸಾಟದಿಂದಲೇ ಹತ್ತಕ್ಕೊಮ್ಮೆ ಹುಟ್ಟುವ ಅಂತರವನ್ನು ನಂಬಿ “ನಗರದವರು ಹೆಚ್ಚು ಓದುತ್ತಾರೆ” ಅನ್ನಲು ನನಗಂತೂ ಧೈರ್ಯ ಸಾಲುವುದಿಲ್ಲ.

ಈಗ ಶೇಕಡಾ ಅಂಕಿಗಳನ್ನು ಹಾಗೇ ಇಟ್ಟು ಜನರನ್ನು ಮಾತ್ರ ಹೆಚ್ಚಿಸೋಣ. ಗುಂಪಿಗೆ 1,000. ಅಲ್ಲಿ 520, ಇಲ್ಲಿ 460. ಚೀಟಿ ಆಟವನ್ನೇ ಮತ್ತೆ ಆಡಿ. ಸಾವಿರ ಸಲದಲ್ಲಿ 6 ಅಂಶದಷ್ಟು ಅಂತರ ಬರುವುದು ಏಳೆಂಟು ಸಲ ಮಾತ್ರ. ಅಂತರ ಅದೇ, ತೀರ್ಪು ಬೇರೆ. ಅದಕ್ಕೇ ಯಾರಾದರೂ “ಶೇ. 52, ಶೇ. 46, ಇದು ಸಿಗ್ನಿಫಿಕೆಂಟಾ?” ಅಂತ ಫೋನಿನಲ್ಲಿ ಕೇಳಿದರೆ ನನ್ನ ಮೊದಲ ಮಾತು “ಎಷ್ಟು ಜನ?” ಎರಡನೆಯ ಮಾತು “ಅವರನ್ನು ಆರಿಸಿದ್ದು ಹೇಗೆ?” ಎರಡನೆಯದಕ್ಕೆ ಆಮೇಲೆ ಬರುತ್ತೇನೆ. ನಿಜವಾದ ಕಥೆ ಇರುವುದು ಅಲ್ಲೇ.

ಅದಕ್ಕೆ ಮುಂಚೆ ಈ 0.05ರ ಗೆರೆ. ಪಿ-ಮೌಲ್ಯ ಇದಕ್ಕಿಂತ ಕೆಳಗೆ ಬಂದರೆ “ಸಿಗ್ನಿಫಿಕೆಂಟ್” ಅನ್ನುವುದು ರೂಢಿ. ಇಪ್ಪತ್ತರಲ್ಲಿ ಒಂದು ಅನ್ನುವ ಈ ಗಡಿ ಎಲ್ಲಿಂದ ಬಂತು? ರೊನಾಲ್ಡ್ ಫಿಶರ್ 1925ರಲ್ಲಿ ಸಂಶೋಧಕರಿಗೆಂದು ಬರೆದ ಸಂಖ್ಯಾಶಾಸ್ತ್ರದ ಪುಸ್ತಕದಲ್ಲಿ, ಇಪ್ಪತ್ತಕ್ಕೊಂದರ ಸಾಧ್ಯತೆಗೆ ತಾಳೆಯಾಗುವ ದೂರ 1.96, ಹೆಚ್ಚುಕಡಿಮೆ 2 ಸ್ಟ್ಯಾಂಡರ್ಡ್ ಡೀವಿಯೇಷನ್ (ಏರಿಳಿತದ ಒಂದು ಅಳತೆ), ಹಾಗಾಗಿ ಅದನ್ನು ಗಡಿ ಮಾಡಿಕೊಳ್ಳುವುದು ಅನುಕೂಲ ಅಂತ ಹೇಳಿದ. ಗಮನಿಸಿ, ಅನುಕೂಲ. ಪ್ರಕೃತಿ ನಿಯಮ ಅಂತ ಹೇಳಲಿಲ್ಲ. ಎಂಟು ವರ್ಷದ ನಂತರ ನೇಮನ್ ಮತ್ತು ಈಗನ್ ಪಿಯರ್ಸನ್ ಇದಕ್ಕೆ ಬೇರೆಯದೇ ತತ್ವದ ಚೌಕಟ್ಟು ಕೊಟ್ಟರು: ಇಲ್ಲದ ವ್ಯತ್ಯಾಸವನ್ನು ಇದೆ ಅನ್ನುವ ತಪ್ಪು ಒಂದು, ಇರುವುದನ್ನು ಇಲ್ಲ ಅನ್ನುವ ತಪ್ಪು ಇನ್ನೊಂದು, ಎರಡನ್ನೂ ತೂಗಿ ನಿರ್ಧಾರ ಮಾಡಿ ಅಂತ. ಫಿಶರನಿಗೆ ಅದು ಸುತರಾಂ ಒಗ್ಗಲಿಲ್ಲ, ಜಗಳ ಕೊನೆಯವರೆಗೂ ನಡೆಯಿತು. ಮುಂದೆ ಬಂದ ಪಠ್ಯಪುಸ್ತಕಗಳು ಎರಡೂ ಕಡೆಯಿಂದ ಚೂರುಚೂರು ತೆಗೆದು ಒಂದೇ ಹೊಲಿಗೆ ಹಾಕಿ ನಮ್ಮ ಕೈಗಿಟ್ಟವು. ನಾವು ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದು ಆ ಹೊಲಿದ ಬಟ್ಟೆಯನ್ನು.

ಪಿ 0.03 ಬಂದರೆ “ವ್ಯತ್ಯಾಸ ನಿಜವಾಗಿರುವ ಸಾಧ್ಯತೆ ಶೇ. 97” ಅಂತ ಹೇಳುವವರು ನಿಮ್ಮ ಪಕ್ಕದಲ್ಲೇ ಕೂತಿರಬಹುದು. ಚೀಟಿ ಆಟಕ್ಕೆ ಹಿಂದಿರುಗಿ ನೋಡಿ. ಅಲ್ಲಿ ನಾವು ಮೊದಲೇ ಒಂದು ಮಾತು ಒಪ್ಪಿಕೊಂಡಿದ್ದೆವು, ನಗರಕ್ಕೂ ಹಳ್ಳಿಗೂ ಭೇದವೇ ಇಲ್ಲ ಅಂತ. ಹಾಗೆ ಒಪ್ಪಿಕೊಂಡ ಮೇಲೆ ಹುಟ್ಟಿದ ಸಂಖ್ಯೆ ಆ ಒಪ್ಪಿಗೆಯೇ ಎಷ್ಟು ಸರಿ ಅಂತ ಹೇಗೆ ಹೇಳೀತು? ಅಮೆರಿಕದ ಸಂಖ್ಯಾಶಾಸ್ತ್ರಜ್ಞರ ಸಂಘ 2016ರಲ್ಲಿ ಪಿ-ಮೌಲ್ಯದ ಬಗ್ಗೆಯೇ ಒಂದು ಹೇಳಿಕೆ ಹೊರಡಿಸಬೇಕಾಗಿ ಬಂತು. ಅದರಲ್ಲಿದ್ದ ಆರು ತತ್ವಗಳಲ್ಲಿ ಇದೂ ಒಂದು. ಪಿ-ಮೌಲ್ಯ ಪರಿಣಾಮದ ಗಾತ್ರವನ್ನು ಹೇಳುವುದಿಲ್ಲ ಅನ್ನುವುದು ಇನ್ನೊಂದು.

ಗಾತ್ರದ ವಿಷಯದಲ್ಲಿ ಕನ್ನಡದಲ್ಲಿ ನಮಗೆ ಒಂದು ವಿಶೇಷ ತೊಂದರೆ ಇದೆ. ಸಿಗ್ನಿಫಿಕೆಂಟ್ ಅನ್ನುವುದಕ್ಕೆ ಕೆಲವರು “ಗಣನೀಯ” ಅಂತ ಬರೆಯುತ್ತಾರೆ, ಕೆಲವರು “ಮಹತ್ವದ” ಅಂತ. ಗಣನೀಯ ಅಂದರೆ ಮೂಲದಲ್ಲಿ ಎಣಿಕೆಗೆ ತಕ್ಕದ್ದು ಅಂತ ಅಷ್ಟೇ. ಆದರೆ ದಿನನಿತ್ಯದ ಕನ್ನಡದಲ್ಲಿ “ಗಣನೀಯ ಏರಿಕೆ” ಅಂದರೆ ಏನು? ದೊಡ್ಡ ಏರಿಕೆ. ಒಂದೊಂದು ಗುಂಪಿನಲ್ಲೂ ಒಂದು ಲಕ್ಷ ಜನರಿರುವ ಸಮೀಕ್ಷೆಯಲ್ಲಿ ಶೇ. 50.5 ಮತ್ತು ಶೇ. 50.0 ಬಂದರೆ ಪಿ-ಮೌಲ್ಯ 0.03ಕ್ಕಿಂತ ಕಡಿಮೆ. ಅರ್ಧ ಅಂಶದ ಅಂತರ! ಅದನ್ನು “ಗಣನೀಯ ವ್ಯತ್ಯಾಸ” ಅಂತ ಅಚ್ಚು ಹಾಕಿದರೆ ಓದುವವರು ಬೇರೆಯೇ ಅರ್ಥ ಮಾಡಿಕೊಳ್ಳುತ್ತಾರೆ, ತಪ್ಪು ಅವರದ್ದಲ್ಲ. ನಾನು ವರದಿಯಲ್ಲಿ ಈ ಎರಡೂ ಪದ ಬಿಟ್ಟಿದ್ದೇನೆ. “ಈ ಅಂತರ ಸ್ಯಾಂಪಲಿನ ಏರಿಳಿತದಿಂದ ಮಾತ್ರ ಬಂದಿರುವುದು ಕಷ್ಟ” ಅಂತ ಬರೆಯುತ್ತೇನೆ. ವಾಕ್ಯ ಉದ್ದ ಆಗುತ್ತದೆ, ಆಗಲಿ.

ಪಿ ಒಂದನ್ನೇ ಕೊಡುವ ಬದಲು ಅಂತರದ ವ್ಯಾಪ್ತಿ ಕೊಡಿ. ಗುಂಪಿಗೆ ಸಾವಿರ ಜನರಿದ್ದ ನಮ್ಮ ಉದಾಹರಣೆಯಲ್ಲಿ ಶೇ. 95ರ ವಿಶ್ವಾಸದ ವ್ಯಾಪ್ತಿ 1.6 ಅಂಶದಿಂದ 10.4 ಅಂಶದವರೆಗೆ. ಇದೇ ರೀತಿ ನೂರು ಸಮೀಕ್ಷೆ ಮಾಡಿ ನೂರು ವ್ಯಾಪ್ತಿ ಹಾಕಿದರೆ, ಸುಮಾರು 95ರೊಳಗೆ ನಿಜವಾದ ಅಂತರ ಇರುತ್ತದೆ ಅಂತ ಅರ್ಥ. ಓದುವವರಿಗೆ ಎರಡು ವಿಷಯ ಒಟ್ಟಿಗೆ ಸಿಕ್ಕವು: ಸೊನ್ನೆ ಈ ವ್ಯಾಪ್ತಿಯೊಳಗೆ ಇಲ್ಲ, ಮತ್ತು ನಿಜವಾದ ಅಂತರ ತೀರಾ ಚಿಕ್ಕದೂ ಇರಬಹುದು, ಸಾಕಷ್ಟು ದೊಡ್ಡದೂ ಇರಬಹುದು.

ಇಲ್ಲೊಂದು ಗುಂಡಿ ಇದೆ, ಅನುಭವಸ್ಥರೂ ಬೀಳುತ್ತಾರೆ. ಎರಡು ಗುಂಪುಗಳಿಗೂ ಬೇರೆಬೇರೆ ವ್ಯಾಪ್ತಿ ಹಾಕಿ, ಪಟ್ಟಿಗಳು ಒಂದರ ಮೇಲೊಂದು ಬಿದ್ದರೆ “ವ್ಯತ್ಯಾಸ ಇಲ್ಲ” ಅನ್ನುವುದು. ಹಾಕಿಯೇ ನೋಡೋಣ. ನಗರದ್ದು 48.9ರಿಂದ 55.1. ಹಳ್ಳಿಯದು 42.9ರಿಂದ 49.1. ಅಂಚಿನಲ್ಲಿ ಒಂದನ್ನೊಂದು ತಾಗುತ್ತಿವೆ, ಚಿತ್ರ ಬರೆದರೆ ಕಣ್ಣಿಗೂ ಕಾಣುತ್ತದೆ. ಆದರೆ ಇದೇ ಜೋಡಿಯ ಪಿ-ಮೌಲ್ಯ 0.007. ಎರಡೂ ಗುಂಪುಗಳ ಏರಿಳಿತ ಒಂದೇ ಹೊತ್ತಿಗೆ ವಿರುದ್ಧ ತುದಿಗಳಿಗೆ ಹೋಗುವುದು ಅಪರೂಪ, ಅದನ್ನು ಪಟ್ಟಿಗಳ ಚಿತ್ರ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಪಟ್ಟಿಗಳು ಪೂರ್ತಿ ಬೇರೆಯಾಗಿದ್ದರೆ ಸರಿ, ವ್ಯತ್ಯಾಸ ಗಟ್ಟಿ. ತಾಗಿದರೆ ಮಾತ್ರ ಕಣ್ಣನ್ನು ನಂಬಬೇಡಿ, ಅಂತರಕ್ಕೇ ಲೆಕ್ಕ ಹಾಕಿ.

ಈಗ ಆ ಎರಡನೆಯ ಪ್ರಶ್ನೆ, ಆರಿಸಿದ್ದು ಹೇಗೆ ಅನ್ನುವುದು. ಇದಕ್ಕೆ ನನ್ನದೇ ಒಂದು ಎಡವಟ್ಟು ಹೇಳಬೇಕು.

ಕೆಲಸಕ್ಕೆ ಸೇರಿದ ಹೊಸದು. ದೊಡ್ಡ ಸಮೀಕ್ಷೆಯ ದತ್ತಾಂಶ ಕೈಗೆ ಬಂತು. ಪ್ರತಿಯೊಬ್ಬರ ಸಾಲಿನ ಕೊನೆಯಲ್ಲಿ ಒಂದು ತೂಕ, ಅಂದರೆ ವೇಟ್, ಇತ್ತು. ಈ ಒಬ್ಬರು ಜನಸಂಖ್ಯೆಯಲ್ಲಿ ಎಷ್ಟು ಮಂದಿಯ ಪರವಾಗಿ ನಿಂತಿದ್ದಾರೆ ಅನ್ನುವ ಸಂಖ್ಯೆ ಅದು. ತೂಕ ಹಾಕಬೇಕು ಅನ್ನುವಷ್ಟು ಗೊತ್ತಿತ್ತು, ಹಾಕಿದೆ. ಎಲ್ಲ ಪ್ರಶ್ನೆಗಳಿಗೂ ಗುಂಪುಗಳ ಹೋಲಿಕೆ ಓಡಿಸಿದೆ. ಪರದೆಯ ತುಂಬ ಸಾಲುಸಾಲು 0.000. ಗಂಡಸರು–ಹೆಂಗಸರು 0.000, ವಯಸ್ಸು 0.000, ಸಂದರ್ಶನ ಬೆಳಿಗ್ಗೆ ನಡೆಯಿತೋ ಸಂಜೆಯೋ ಅನ್ನುವುದೂ 0.000. ಖುಷಿಯಲ್ಲಿ ಹೋಗಿ ಹಿರಿಯರೊಬ್ಬರಿಗೆ ತೋರಿಸಿದೆ. ಅವರು ಪಿ-ಮೌಲ್ಯದ ಕಡೆ ತಿರುಗಿಯೂ ನೋಡಲಿಲ್ಲ. ಕೋಷ್ಟಕದ ತಳದಲ್ಲಿದ್ದ ಒಟ್ಟು ಸಂಖ್ಯೆಯ ಮೇಲೆ ಬೆರಳಿಟ್ಟು, “ಎರಡು ಕೋಟಿ ಜನರನ್ನು ಯಾವಾಗ ಮಾತಾಡಿಸಿದಿರಿ?” ಅಂದರು. ತೂಕಗಳನ್ನು ಕೂಡಿದರೆ ಇಡೀ ಜನಸಂಖ್ಯೆ ಬರುತ್ತಿತ್ತು. ಸಾಫ್ಟ್‌ವೇರ್ ಅದನ್ನೇ ಸ್ಯಾಂಪಲ್ ಅಂದುಕೊಂಡಿತ್ತು. ಪಾಪ, ಅದಕ್ಕೇನು ಗೊತ್ತು, ನಾನು ಕೊಟ್ಟಿದ್ದನ್ನು ನಂಬಿತು.

ತೂಕಗಳ ಮೊತ್ತವನ್ನು ನಿಜವಾದ ಸ್ಯಾಂಪಲಿಗೆ ಇಳಿಸಿದರೆ ಮುಗಿಯಿತೇ? ಅದೂ ಇಲ್ಲ. ಸಾವಿರ ಜನರಲ್ಲಿ ಅರ್ಧಕ್ಕೆ 0.5, ಇನ್ನರ್ಧಕ್ಕೆ 1.5 ತೂಕ ಅನ್ನಿ. ಮೊತ್ತ ಸಾವಿರವೇ. ಆದರೆ ಕೆಲವರ ಮಾತಿಗೆ ಮೂರು ಪಟ್ಟು ಬೆಲೆ ಕೊಟ್ಟಿದ್ದರಿಂದ ಏರಿಳಿತ ಜಾಸ್ತಿಯಾಗಿದೆ. ಸಮೀಕ್ಷಾ ತಜ್ಞ ಲೆಸ್ಲಿ ಕಿಶ್ ಕೊಟ್ಟ ಅಂದಾಜು ಸರಳ: ತೂಕಗಳ ಮೊತ್ತದ ವರ್ಗವನ್ನು ತೂಕಗಳ ವರ್ಗಗಳ ಮೊತ್ತದಿಂದ ಭಾಗಿಸಿ. ಇಲ್ಲಿ ಹತ್ತು ಲಕ್ಷವನ್ನು 1,250ರಿಂದ ಭಾಗಿಸಿದರೆ 800. ಸಾವಿರ ಜನರ ಸಂದರ್ಶನ ಮಾಡಿದ್ದೀರಿ, ಪರೀಕ್ಷೆಯ ಮಟ್ಟಿಗೆ ಎಂಟುನೂರು ಜನರಷ್ಟೇ ಸುದ್ದಿ ಸಿಕ್ಕಿದೆ.

ಇನ್ನೂ ದೊಡ್ಡ ಸೋರಿಕೆ ಕ್ಲಸ್ಟರಿನದ್ದು, ಅಂದರೆ ಒಂದೇ ಊರಿನಿಂದ ಗುಂಪಾಗಿ ಜನರನ್ನು ಆರಿಸುವುದರದ್ದು. ಮನೆಮನೆಗೆ ಹೋಗುವ ಸಮೀಕ್ಷೆಯಲ್ಲಿ ಯಾರೂ ಎಲ್ಲೆಲ್ಲೋ ಚದುರಿದ ಸಾವಿರ ಮನೆ ಹುಡುಕಿಕೊಂಡು ಹೋಗುವುದಿಲ್ಲ, ಅಷ್ಟು ಓಡಾಟ ಪೂರೈಸುವುದಿಲ್ಲ. 50 ಹಳ್ಳಿ ಆರಿಸಿ ಒಂದೊಂದರಲ್ಲಿ 20 ಜನ, ಹಾಗೆಯೇ 50 ವಾರ್ಡು, ಒಂದೊಂದರಲ್ಲಿ 20 ಜನ. ಒಂದೇ ಹಳ್ಳಿಯವರು ಸ್ವಲ್ಪವಾದರೂ ಒಬ್ಬರಂತೆ ಒಬ್ಬರು ಇರುತ್ತಾರೆ. ಅಲ್ಲೊಂದು ಗ್ರಂಥಾಲಯ ಇದ್ದರೆ ಇಪ್ಪತ್ತೂ ಜನರ ಓದಿಗೆ ಅದರ ಗಾಳಿ ಬೀಸಿರುತ್ತದೆ. ಇಪ್ಪತ್ತನೆಯವರನ್ನು ಕೇಳುವ ಹೊತ್ತಿಗೆ ಉತ್ತರದ ಒಂದಿಷ್ಟು ಭಾಗ ನಮಗೆ ಆಗಲೇ ಗೊತ್ತಿರುತ್ತದೆ.

ಈ ಹೋಲಿಕೆಯ ಅಳತೆ, ಅಂದರೆ ಕ್ಲಸ್ಟರಿನೊಳಗಿನ ಸಹಸಂಬಂಧ, ಬರೀ 0.05 ಅಂತಿಟ್ಟುಕೊಳ್ಳಿ. ಕೇಳಲು ಏನೂ ಅಲ್ಲ. ಕಿಶ್ ಹೇಳಿದ ಡಿಸೈನ್ ಎಫೆಕ್ಟ್ (ಆರಿಸಿದ ರೀತಿಯಿಂದ ಏರಿಳಿತ ಎಷ್ಟು ಪಟ್ಟು ಹೆಚ್ಚಿತು ಅನ್ನುವುದು) ಲೆಕ್ಕ: ಕ್ಲಸ್ಟರಿನಲ್ಲಿ ಎಷ್ಟು ಜನರೋ ಅದರಲ್ಲಿ ಒಂದು ಕಳೆದು, ಸಹಸಂಬಂಧದಿಂದ ಗುಣಿಸಿ, ಒಂದು ಕೂಡಿಸಿ. 19 ಗುಣಿಸು 0.05, ಜೊತೆಗೆ 1. ಬಂದದ್ದು 1.95. ಸಾವಿರ ಜನರನ್ನು ಇದರಿಂದ ಭಾಗಿಸಿ. ಸುಮಾರು 513! ಅರ್ಧ ಸ್ಯಾಂಪಲ್ ಕಣ್ಣೆದುರೇ ಆವಿಯಾಯಿತು. ನಮ್ಮ 6 ಅಂಶದ ಪಿ-ಮೌಲ್ಯ 0.007ರಿಂದ ಹೊರಟು ಸುಮಾರು 0.055ಕ್ಕೆ ಬಂದು ನಿಂತಿತು. ದತ್ತಾಂಶ ಅದೇ, ಶೇಕಡಾ ಅದೇ. ಒಂದು ಲೆಕ್ಕ “ಖಂಡಿತ” ಅನ್ನುತ್ತದೆ, ಇನ್ನೊಂದು ತಲೆ ಕೆರೆದುಕೊಳ್ಳುತ್ತದೆ. ಸರಿಯಾದದ್ದು ತಲೆ ಕೆರೆದುಕೊಳ್ಳುವ ಲೆಕ್ಕವೇ.

ಒಂದು ತಿದ್ದುಪಡಿ. ಹೋಲಿಸುತ್ತಿರುವ ಎರಡೂ ಗುಂಪು ಅವೇ ಕ್ಲಸ್ಟರುಗಳೊಳಗೆ ಇದ್ದರೆ, ಉದಾಹರಣೆಗೆ ಎಲ್ಲ ಹಳ್ಳಿಗಳಲ್ಲೂ ಹತ್ತು ಗಂಡಸರು, ಹತ್ತು ಹೆಂಗಸರು, ಆಗ ಊರಿನ ಪ್ರಭಾವ ಎರಡೂ ಕಡೆ ಸೇರಿ ಬಹುಪಾಲು ಕಳೆದುಹೋಗುತ್ತದೆ, ಇಷ್ಟೊಂದು ಸೋರಿಕೆ ಆಗುವುದಿಲ್ಲ. ಅದಕ್ಕೇ ಎಲ್ಲ ಹೋಲಿಕೆಗೂ ಒಂದೇ ಸಂಖ್ಯೆಯಿಂದ ಭಾಗಿಸುವ ಶಾರ್ಟ್‌ಕಟ್ ನನಗೆ ಇಷ್ಟವಿಲ್ಲ. ಕ್ಲಸ್ಟರ್ ಯಾವುದು, ಸ್ತರ (ಆರಿಸುವ ಮುಂಚೆ ಜನರನ್ನು ವಿಂಗಡಿಸಿದ ಗುಂಪು) ಯಾವುದು, ತೂಕ ಯಾವುದು ಅಂತ ಸಾಫ್ಟ್‌ವೇರಿಗೆ ತಿಳಿಸಿಬಿಡಿ. ಸಮೀಕ್ಷೆಗೆಂದೇ ಇರುವ ವಿಧಾನಗಳು ಈಗ ಹೆಚ್ಚಿನ ಪ್ಯಾಕೇಜುಗಳಲ್ಲಿ ಇವೆ.

ಮಾತು ಎಲ್ಲಿಂದಲೋ ಎಲ್ಲಿಗೋ ಹೋಗುತ್ತಿದೆ, ಆದರೂ ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ ಹೆಸರು ಹೇಳದೆ ಮುಂದೆ ಹೋಗಲಾರೆ. ಬಂಗಾಳದಲ್ಲಿ ಸೆಣಬಿನ ಬೆಳೆಯ ಸಮೀಕ್ಷೆ ಮಾಡುವಾಗ ಅವರು ಸ್ಯಾಂಪಲನ್ನು ಒಂದರೊಳಗೊಂದು ಹೆಣೆದ ಉಪಸ್ಯಾಂಪಲುಗಳಾಗಿ ಒಡೆದು, ಅದೇ ಪ್ರದೇಶವನ್ನು ಬೇರೆಬೇರೆ ತಂಡಗಳ ಕೈಗೆ ಕೊಟ್ಟರು. ಒಂದೇ ನೆಲ, ಎರಡು ತಂಡ. ಉತ್ತರದಲ್ಲಿ ಭಾರಿ ಅಂತರ ಬಂದರೆ ಅದು ಬೆಳೆಯ ಅಂತರ ಅಲ್ಲ, ಅಳೆದವರ ಅಂತರ. ಸೂತ್ರಕ್ಕೆ ಎಂದೂ ಕಾಣದ ದೋಷವನ್ನು ಸಮೀಕ್ಷೆಯ ವಿನ್ಯಾಸದಿಂದಲೇ ಹೊರಗೆಳೆಯುವ ಉಪಾಯ ಅದು. ನಿಮ್ಮ ಸಮೀಕ್ಷೆಯಲ್ಲಿ ನಗರಕ್ಕೆ ಒಂದು ತಂಡ, ಹಳ್ಳಿಗೆ ಇನ್ನೊಂದು ತಂಡ ಹೋಗಿದ್ದರೆ, ಆ 6 ಅಂಶದಲ್ಲಿ ಜನರ ಪಾಲೆಷ್ಟು, ಪ್ರಶ್ನೆ ಕೇಳಿದವರ ಪಾಲೆಷ್ಟು? ಯಾವ ಪಿ-ಮೌಲ್ಯವೂ ಬಿಡಿಸಿ ಹೇಳುವುದಿಲ್ಲ.

ಪ್ರಶ್ನೆಗಳ ಸಂಖ್ಯೆಗೆ ಬರೋಣ. ಪ್ರಶ್ನಾವಳಿಯಲ್ಲಿ 40 ಪ್ರಶ್ನೆ ಇವೆ, ನಗರ–ಹಳ್ಳಿ ಭೇದ ನಿಜಕ್ಕೂ ಯಾವುದರಲ್ಲೂ ಇಲ್ಲ ಅನ್ನಿ. ಆದರೂ 0.05ರ ಗೆರೆ ಇಟ್ಟರೆ ಸರಾಸರಿ ಎರಡು ಪ್ರಶ್ನೆ “ಸಿಗ್ನಿಫಿಕೆಂಟ್” ಆಗುತ್ತವೆ. ಪ್ರಶ್ನೆಗಳು ಒಂದಕ್ಕೊಂದು ಸಂಬಂಧವಿಲ್ಲದಿದ್ದರೆ, ಒಂದಾದರೂ ಹಾಗಾಗುವ ಸಾಧ್ಯತೆ ಶೇ. 87. ವಯಸ್ಸನ್ನು ಐದು ಗುಂಪು ಮಾಡಿದಿರಾ? ಜೋಡಿಗಳು ಹತ್ತು. ನಲವತ್ತು ಪ್ರಶ್ನೆಗೆ ನಾನೂರು ಹೋಲಿಕೆ, ಇಪ್ಪತ್ತು ಸುಳ್ಳು ನಕ್ಷತ್ರ (0.05ಕ್ಕಿಂತ ಕೆಳಗೆ ಬಂದ ಅಂಕಿಯ ಪಕ್ಕ ಹಾಕುವ ಗುರುತು). ಕೋಷ್ಟಕದಲ್ಲಿ ನಕ್ಷತ್ರ ಇದ್ದಲ್ಲಿಗೆ ಕಣ್ಣು ಓಡುತ್ತದೆ, ವರದಿಯ ಶೀರ್ಷಿಕೆ ಅಲ್ಲಿಂದಲೇ ಹುಟ್ಟುತ್ತದೆ. ಬೊನ್‌ಫೆರೋನಿ ವಿಧಾನದಲ್ಲಿ 0.05ನ್ನು ಹೋಲಿಕೆಗಳ ಸಂಖ್ಯೆಯಿಂದ ಭಾಗಿಸುತ್ತಾರೆ. ಅದು ತುಂಬಾ ಕಟ್ಟುನಿಟ್ಟು, ನಿಜವಾದದ್ದನ್ನೂ ಹೊರಗೆ ಹಾಕುತ್ತದೆ. ಬೆಂಜಮಿನಿ ಮತ್ತು ಹೋಕ್‌ಬರ್ಗ್ 1995ರಲ್ಲಿ ಕೊಟ್ಟ ವಿಧಾನ ಸ್ವಲ್ಪ ಸಡಿಲ, ಸಮೀಕ್ಷೆಗಳಿಗೆ ನನಗೆ ಅದೇ ಹಿಡಿಸಿದೆ. ಎಲ್ಲಕ್ಕಿಂತ ಮೇಲು, ದತ್ತಾಂಶ ತೆರೆಯುವ ಮುಂಚೆಯೇ ಮುಖ್ಯ ಹೋಲಿಕೆಗಳು ಯಾವುವು ಅಂತ ಒಂದು ಹಾಳೆಯಲ್ಲಿ ಬರೆದು ಎತ್ತಿಡುವುದು.

ಇನ್ನೊಂದು ತಪ್ಪು ಎಷ್ಟು ಸಹಜ ಅಂದರೆ ಹೇಳಿದ ಮೇಲೂ ಮಾಡುತ್ತೇವೆ. ಒಂದು ತರಬೇತಿಯಿಂದ ಹೆಂಗಸರಲ್ಲಿ 8 ಅಂಶ ಏರಿಕೆ, ಪಿ-ಮೌಲ್ಯ 0.03. ಗಂಡಸರಲ್ಲಿ 5 ಅಂಶ ಏರಿಕೆ, ಪಿ-ಮೌಲ್ಯ 0.16. ತಕ್ಷಣ ವರದಿ: “ತರಬೇತಿ ಹೆಂಗಸರಿಗೆ ಫಲಿಸಿತು, ಗಂಡಸರಿಗೆ ಫಲಿಸಲಿಲ್ಲ.” ನೀವು ಹೋಲಿಸಬೇಕಿದ್ದದ್ದು 8 ಮತ್ತು 5ನ್ನು. ಎರಡರ ಸ್ಟ್ಯಾಂಡರ್ಡ್ ಎರರೂ (ಸ್ಯಾಂಪಲಿನಿಂದ ಸ್ಯಾಂಪಲಿಗೆ ಆಗುವ ಏರಿಳಿತದ ಅಳತೆ) ಸುಮಾರು 3.6 ಆಗಿದ್ದರೆ, ನಡುವಿನ ಆ 3 ಅಂಶದ ಪಿ-ಮೌಲ್ಯ 0.5ಕ್ಕಿಂತಲೂ ಮೇಲೆ. ಗಂಡಸರು, ಹೆಂಗಸರು ಬೇರೆ ಅನ್ನಲು ಇಲ್ಲಿ ಏನೂ ಆಧಾರ ಇಲ್ಲ.

ಹಾಗೆಯೇ, ಒಂದು ಗುಂಪನ್ನು “ಒಟ್ಟು” ಅನ್ನುವ ಕಂಬಸಾಲಿನ ಜೊತೆ ಹೋಲಿಸಬೇಡಿ, ಆ ಒಟ್ಟಿನೊಳಗೆ ಆ ಗುಂಪೂ ಕೂತಿದೆ. ಉಳಿದವರ ಜೊತೆ ಹೋಲಿಸಿ. ಗಂಡ–ಹೆಂಡತಿ ಇಬ್ಬರನ್ನೂ ಕೇಳಿದ್ದರೆ, ಅಥವಾ ಅದೇ ಜನರನ್ನು ಮೊದಲೊಮ್ಮೆ ಆಮೇಲೊಮ್ಮೆ ಕೇಳಿದ್ದರೆ, ಅವು ಜೋಡಿ ದತ್ತಾಂಶ, ಅವಕ್ಕೆ ಮ್ಯಾಕ್‌ನೆಮಾರ್ ತರಹದ ಬೇರೆ ಪರೀಕ್ಷೆ.

ಒಂದರಿಂದ ಐದರವರೆಗಿನ ಅಂಕದ ಪ್ರಶ್ನೆಗಳಿಗೆ ಟಿ-ಪರೀಕ್ಷೆ (ಎರಡು ಗುಂಪುಗಳ ಸರಾಸರಿ ಹೋಲಿಸುವ ಪರೀಕ್ಷೆ) ಹಾಕಬಹುದೇ ಅಂತ ಪ್ರತಿ ಸಲ ಕೇಳುತ್ತಾರೆ. ಹಾಕಿ, ದೊಡ್ಡ ಸ್ಯಾಂಪಲಿನಲ್ಲಿ ಆಕಾಶವೇನೂ ಬೀಳುವುದಿಲ್ಲ. ಆದರೆ ಒಂದು ಗುಂಪಿನವರೆಲ್ಲ 3 ಕೊಟ್ಟಿದ್ದಾರೆ, ಇನ್ನೊಂದು ಗುಂಪಿನಲ್ಲಿ ಅರ್ಧ ಜನ 1, ಅರ್ಧ ಜನ 5. ಸರಾಸರಿ ಎರಡೂ ಕಡೆ 3. ಟಿ-ಪರೀಕ್ಷೆ “ಏನೂ ಭೇದ ಇಲ್ಲ” ಅನ್ನುತ್ತದೆ, ಆ ಎರಡನೆಯ ಗುಂಪಿನಲ್ಲೋ ಯುದ್ಧ ನಡೆಯುತ್ತಿದೆ. ಉತ್ತರಗಳ ಹಂಚಿಕೆಯನ್ನೇ ಹೋಲಿಸುವ ಪರೀಕ್ಷೆ, ಕಾರ್ಲ್ ಪಿಯರ್ಸನ್ನನ 1900ರ ಕೈ-ಸ್ಕ್ವೇರ್, ಅದನ್ನು ಕೂಡಲೇ ಹಿಡಿಯುತ್ತದೆ. ಪರೀಕ್ಷೆಗೆ ಮುಂಚೆ ಹಂಚಿಕೆ ನೋಡಿ, ಅಷ್ಟೇ.

ಸ್ಯಾಂಪಲ್ ದೊಡ್ಡದಾದಷ್ಟೂ ಸುರಕ್ಷಿತ ಅಂದುಕೊಂಡವರಿಗೆ 1936ರ ಅಮೆರಿಕದ ಚುನಾವಣೆ. ಲಿಟರರಿ ಡೈಜೆಸ್ಟ್ ಪತ್ರಿಕೆ ಸುಮಾರು ಒಂದು ಕೋಟಿ ಮತಪತ್ರ ಕಳಿಸಿ, 20 ಲಕ್ಷಕ್ಕೂ ಹೆಚ್ಚು ಉತ್ತರ ಪಡೆದು, ಲ್ಯಾಂಡನ್ ಗೆಲ್ಲುತ್ತಾನೆ ಅಂದಿತು. ರೂಸ್‌ವೆಲ್ಟ್ 48ರಲ್ಲಿ 46 ರಾಜ್ಯ ಗೆದ್ದ. 20 ಲಕ್ಷ ಜನರ ಸ್ಯಾಂಪಲಿಗೆ ಸ್ಟ್ಯಾಂಡರ್ಡ್ ಎರರ್ ಒಂದು ಅಂಶದ ಇಪ್ಪತ್ತೈದನೇ ಒಂದು ಭಾಗದಷ್ಟೂ ಅಲ್ಲ ಅನ್ನಬೇಕು. ವಿಳಾಸ ಸಿಕ್ಕಿದ್ದು ಯಾರದ್ದು, ಉತ್ತರಿಸುವ ಉಮೇದು ಇದ್ದದ್ದು ಯಾರಿಗೆ ಅನ್ನುವುದು ಆ ಸೂತ್ರದೊಳಗೆ ಎಲ್ಲೂ ಇಲ್ಲ.

ಈಗ ನಿಮ್ಮಲ್ಲೊಬ್ಬರು ಚೀಟಿ ಕಳಿಸಿದ್ದಾರೆ: “ಸರಿಯಾದ ಲೆಕ್ಕದಲ್ಲಿ 0.055 ಬಂತಲ್ಲ, ವರದಿಯಲ್ಲಿ ಏನು ಬರೆಯುವುದು?” ಒಳ್ಳೆಯ ಪ್ರಶ್ನೆ. “ವ್ಯತ್ಯಾಸ ಇಲ್ಲ” ಅಂತ ಮಾತ್ರ ಬರೆಯಬೇಡಿ, ಅದು 0.007 ಅಂತ ಬರೆಯುವಷ್ಟೇ ತಪ್ಪು. ನಿಜವಾಗಿಯೂ 6 ಅಂಶದ ಭೇದ ಇದ್ದರೆ ಅದನ್ನು ಹತ್ತರಲ್ಲಿ ಎಂಟು ಸಲ ಹಿಡಿಯಲು ಗುಂಪಿಗೆ ಸುಮಾರು 1,090 ಜನ ಬೇಕು, ಅದೂ ಕ್ಲಸ್ಟರ್ ಇಲ್ಲದೆ. ನಮ್ಮ ಕೈಯಲ್ಲಿ 513 ಜನರಷ್ಟು ಸುದ್ದಿ ಇದೆ. ಹಿಡಿಯುವ ಬಲೆಯೇ ಸಣ್ಣದಿತ್ತು. ನಾನಾದರೆ ಹೀಗೆ ಬರೆಯುತ್ತೇನೆ: “ಈ ಸಮೀಕ್ಷೆಯಲ್ಲಿ ಪುಸ್ತಕ ಓದಿದವರ ಪ್ರಮಾಣ ನಗರದಲ್ಲಿ 6 ಅಂಶ ಹೆಚ್ಚು ಕಂಡಿದೆ. ಕ್ಲಸ್ಟರುಗಳನ್ನು ಗಣನೆಗೆ ತೆಗೆದುಕೊಂಡರೆ, ನಿಜವಾದ ಅಂತರ ಸೊನ್ನೆಗಿಂತ ತುಸು ಕೆಳಗಿನಿಂದ 12 ಅಂಶದವರೆಗೆ ಎಲ್ಲಿ ಬೇಕಾದರೂ ಇರಬಹುದು.” ಮೇಲಿನವರು ಇದನ್ನು ಓದಿ “ಹಾಗಾದರೆ ಇದೆಯೋ ಇಲ್ಲವೋ, ಒಂದು ಹೇಳಿ” ಅನ್ನುತ್ತಾರೆ. ಮುಂದಿನ ಸುತ್ತಿನಲ್ಲಿ ಹಳ್ಳಿಗಳನ್ನು ಹೆಚ್ಚು ಮಾಡಿ, ಹಳ್ಳಿಗೆ ಇಪ್ಪತ್ತರ ಬದಲು ಹತ್ತೇ ಜನರನ್ನು ಕೇಳೋಣ, ಆಗ ಹೇಳುತ್ತೇನೆ ಅನ್ನಿ.